ಅಣಬೆಗೆ ಕೊಡೆ ಯಾಕೆ ಬಂತು?

ಜಯನಗರದ_ಅಪ್ಪ:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸಂಜೆಯಾದರೆ ಮಳೆ. ಇವತ್ತು ಬೆಳಿಗ್ಗೆ ಮಗಳ ಜೊತೆ ಪಾರ್ಕಿಗೆ ಹೋಗಿದ್ದೆ. ಹುಲ್ಲಿನ ಮೇಲೆ ತಿಂಡಿ ತಟ್ಟೆಯಷ್ಟು ಅಗಲದ ಬಿಳಿ ನಾಯಿಕೊಡೆಗಳು. ಗುಲ್‌ಮೊಹರ್ ಮರದ ಬುಡದಲ್ಲಿ ಕಂದು ಬಣ್ಣದ್ದು, ಹಲಗೆಯಷ್ಟು ಗಟ್ಟಿ. ಬೆಂಚಿನ ಹಿಂದೆ ಗೋಲಿ ಗಾತ್ರದ ಉಂಡೆಗಳು. ಒಣಗಿದ ಒಂದನ್ನು ಮಗಳು ಒತ್ತಿದಳು, ನೆತ್ತಿಯ ತೂತಿನಿಂದ ಪುಸ್ ಅಂತ ಹೊಗೆ ಬಂತು. "ಅಪ್ಪ, ಇವೆಲ್ಲಾ ಅಣಬೆನಾ? ಹಾಗಾದ್ರೆ ಮೊಟ್ಟಮೊದಲ ಅಣಬೆ ಹೇಗಿತ್ತು?" ಅಂದಳು. ಕೊಡೆ ಥರಾನೇ ಇತ್ತು ಅಂದುಬಿಟ್ಟೆ. ಸರಿನಾ? ಇನ್ನೊಂದು ವಿಷಯ, ಒಬ್ಬರು ಆ ಬಿಳಿ ಕೊಡೆಗಳನ್ನು ಕವರಿಗೆ ತುಂಬಿಕೊಳ್ಳುತ್ತಿದ್ದರು. ತಿನ್ನಬಹುದಾ? ಫೋಟೋ ಹಾಕಿದ್ದೇನೆ.

ಬಯಾಲಜಿ_ಮೇಷ್ಟ್ರು:
ಮೊದಲು ತಿನ್ನುವ ವಿಷಯ. ಬೇಡ ಸರ್, ಅವರು ಮತ್ತೆ ಸಿಕ್ಕರೆ ದಯವಿಟ್ಟು ಹೇಳಿ. ಫೋಟೋ ನೋಡಿದರೆ ಹಸಿರು ಬೀಜಕದ ಅಣಬೆಯ ಹಾಗಿದೆ (ಬೀಜಕ ಅಂದರೆ ಅಣಬೆ ಬೀಜದ ಹಾಗೆ ಉದುರಿಸುವ ಧೂಳಿನಂಥ ಕಣ). ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಎಳೆಯದಿದ್ದಾಗ ಕೊಡೆಯ ಅಡಿಯ ಹಾಳೆಗಳೂ ಬಿಳಿಯೇ, ಅದಕ್ಕೇ ಜನ ಮೋಸ ಹೋಗುತ್ತಾರೆ. ಚೆನ್ನಾಗಿ ಬಿರಿದ ಒಂದು ಕೊಡೆಯನ್ನು ಬಿಳಿ ಕಾಗದದ ಮೇಲೆ ಮಗುಚದೆ ಹಾಗೇ ಇಡಿ. ಮೇಲೆ ಸ್ಟೀಲ್ ಬಟ್ಟಲು ಮುಚ್ಚಿ, ಬೆಳಿಗ್ಗೆ ಎತ್ತಿ ಉದುರಿದ ಬೀಜಕದ ಬಣ್ಣ ನೋಡಿ.

ಈಗ ಮಗಳ ಪ್ರಶ್ನೆ. ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಮಾಡಿದ್ದೇನೆ, ಇದನ್ನು ಒಬ್ಬರೂ ಕೇಳಿರಲಿಲ್ಲ. ಮೊದಲಿದ್ದದ್ದು ಕೊಡೆ ಅಲ್ಲ. ಕೊಳೆತ ಕೊಂಬೆಯನ್ನು ತಿರುಗಿಸಿ ನೋಡಿ, ಅಡಿಯಲ್ಲಿ ಸುಣ್ಣ ಬಳಿದ ಹಾಗೆ ತೆಳುವಾದ ಪದರ ಇರುತ್ತದೆ. ಈ ಗುಂಪಿನ ಪೂರ್ವಜರು ಹಾಗೆ ಇದ್ದರು. ಕೊಡೆ ಆಮೇಲೆ ಬಂತು. ಅದೂ ಒಂದೇ ಸಲ ಅಲ್ಲ, ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ. 2019ರಲ್ಲಿ ವಿಜ್ಞಾನಿಗಳು 5,284 ಜಾತಿಗಳ ವಂಶವೃಕ್ಷ ಕಟ್ಟಿ ನೋಡಿದರು. ಈ ಗುಂಪು ವೇಗವಾಗಿ ಕವಲೊಡೆಯಲು ಶುರುವಾದದ್ದು ಜುರಾಸಿಕ್ ಕಾಲದ ಬೆಚ್ಚಗಾಗುತ್ತಿದ್ದ ಹವೆಯಲ್ಲಿ. ಬ್ರೆಜಿಲ್‌ನ ಸುಣ್ಣಕಲ್ಲಿನಲ್ಲಿ 11 ಕೋಟಿ ವರ್ಷಕ್ಕೂ ಹಳೆಯ ಅಣಬೆ ಸಿಕ್ಕಿದೆ, ಅದರಲ್ಲಿ ಕೊಡೆ, ಕಾಂಡ, ಹಾಳೆ ಎಲ್ಲಾ ಇವೆ.

ಕೊಡೆಯೇ ಯಾಕೆ ಅಂದರೆ, ಹಾಳೆಯ ಮೇಲಿನ ಒಂದೊಂದು ಬೀಜಕದ ಬುಡದಲ್ಲೂ ನೀರಿನ ಸಣ್ಣ ಹನಿ ಊದುತ್ತದೆ. ಬೀಜಕದ ಮೈಮೇಲಿನ ತೇವಕ್ಕೆ ತಾಗಿದ ಕ್ಷಣ ಹನಿ ಅದರೊಳಗೆ ಸೇರಿಹೋಗುತ್ತದೆ, ಆ ಜೋರಿಗೆ ಬೀಜಕ ಚಿಮ್ಮುತ್ತದೆ. ಕೆನಡಾದಲ್ಲಿ ಇದನ್ನು ಕೂತು ನೋಡಿದ ಬುಲ್ಲರ್ ಅವರ ಹೆಸರೇ ಆ ಹನಿಗೆ ಬಂದಿದೆ. ಚಿಮ್ಮುವ ದೂರ ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಜಾಸ್ತಿ ಹಾರಿದರೆ ಎದುರಿನ ಹಾಳೆಗೆ ಅಂಟಿಕೊಳ್ಳುತ್ತದೆ. ನಡುವೆ ನಿಂತು ನೇರ ಕೆಳಗೆ ಬೀಳಬೇಕು, ಅಲ್ಲಿ ಗಾಳಿ ಸಿಗಬೇಕು. ಅದಕ್ಕೇ ಕಾಂಡ ಎತ್ತಿ ಹಿಡಿಯುತ್ತದೆ, ಮಳೆಗೆ ಹಾಳೆ ನೆನೆಯದಂತೆ ಕೊಡೆ ಕಾಯುತ್ತದೆ. ನಿಮ್ಮ ಗುಲ್‌ಮೊಹರ್ ಅಣಬೆ ಅಡಿಯಲ್ಲಿ ಹಾಳೆ ಬದಲು ತೂತು ಮಾಡಿಕೊಂಡಿದೆ, ಕೆಲಸ ಅದೇ. ಮರ ಉರುಳಿದರೂ ಹೊಸ ಬೆಳವಣಿಗೆಯಲ್ಲಿ ತೂತುಗಳು ಮತ್ತೆ ನೆಲದ ಕಡೆಗೇ ತಿರುಗುತ್ತವೆ.

ತೀರ್ಥಹಳ್ಳಿ_ಹುಡುಗಿ:
ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದ್ರಿ! ನಮ್ಮ ಕಡೆ ಹುತ್ತದ ಅಣಬೆ ಏಳುತ್ತದೆ. ಅಮ್ಮ ಕಿತ್ತರೆ ಕಾಂಡ ತುಂಡಾಗುತ್ತದೆ, ಕತ್ತಿಯ ತುದಿಯಲ್ಲಿ ಅಗೆದರೆ ಬೇರಿನ ಹಾಗೆ ಮೊಣಕೈ ಉದ್ದ ಕೆಳಗೆ ಇಳಿದಿರುತ್ತದೆ. ಕೊಡೆಯ ನಡುವೆ ಮೊಳೆಯಂಥ ಮೊನೆ ಬೇರೆ. ಅದು ಯಾಕೆ?

ಬಯಾಲಜಿ_ಮೇಷ್ಟ್ರು:
ಆ ಕಾಂಡದ ಬುಡ ಗೆದ್ದಲಿನ ತೋಟದಲ್ಲಿದೆ ಕಣಮ್ಮ. ಗೆದ್ದಲು ಸುಮಾರು 3 ಕೋಟಿ ವರ್ಷದಿಂದ ಈ ಶಿಲೀಂಧ್ರದ ಬೇಸಾಯ ಮಾಡುತ್ತಿವೆ, ಶುರುವಾದದ್ದು ಆಫ್ರಿಕಾದಲ್ಲಿ. ಅಷ್ಟು ಆಳದಿಂದ ಮಣ್ಣು ಸೀಳಿ ಬರಬೇಕಲ್ಲ, ಅದಕ್ಕೆ ಆ ಗಟ್ಟಿ ಮೊನೆ.

ಪುತ್ತೂರು_ಟು_ಪೀಣ್ಯ:
ಹಾಗಾದರೆ ಉಂಡೆ ಅಣಬೆ, ನಮ್ಮ ಕಲ್ಲಣಬೆ, ಇವು ಹಳೇ ಕಾಲದವಾ ಸರ್? ಕೊಡೆ ಬಿಚ್ಚುವ ಮೊದಲಿನ ರೂಪ?

ಬಯಾಲಜಿ_ಮೇಷ್ಟ್ರು:
ಹಾಗೆ ಅನಿಸುತ್ತದೆ, ಆದರೆ ಉಲ್ಟಾ. ಕೊಡೆ ಇದ್ದವರೇ ಬೀಜಕವನ್ನು ಒಳಗೆ ಮುಚ್ಚಿಟ್ಟುಕೊಂಡು ಉಂಡೆಯಾದರು. ಹೊಗೆ ಉಗುಳುವ ಉಂಡೆ ಬಟನ್ ಅಣಬೆಯ ಹತ್ತಿರದ ನೆಂಟ. ಕಲ್ಲಣಬೆಯ ನೆಂಟರು ಬೇರೆ, ಕೊಡೆಯ ಅಡಿಯಲ್ಲಿ ಸ್ಪಂಜಿನಂಥ ತೂತು ಇರುವವರು. ಎರಡೂ ಉಂಡೆ, ಮನೆತನ ಮಾತ್ರ ಬೇರೆ. ಚಿಮ್ಮುವ ಆ ಹನಿಯನ್ನು ಎರಡೂ ಬಿಟ್ಟುಬಿಟ್ಟಿವೆ. ಮಳೆಹನಿ ಬಡಿಯಬೇಕು, ಇಲ್ಲವೇ ನಿಮ್ಮ ಮಗಳಂಥವರು ಒತ್ತಬೇಕು. ಒಮ್ಮೆ ಬಿಟ್ಟವರು ಮತ್ತೆ ಚಿಮ್ಮಲು ಕಲಿತದ್ದು ಕಂಡಿಲ್ಲ.

ಜಯನಗರದ_ಅಪ್ಪ:
ಬೆಳಿಗ್ಗೆ ಆರಕ್ಕೇ ಮಗಳು ಎಬ್ಬಿಸಿದಳು. ಬಟ್ಟಲು ಎತ್ತಿದೆವು. ಬಿಳಿ ಕಾಗದದ ಮೇಲೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗೆರೆ ಗೆರೆ, ಎಲ್ಲಾ ಮಾಸಲು ಹಸಿರು. ಎಷ್ಟು ನೇರ ಬಿದ್ದಿವೆ ಅಂತ ಇಬ್ಬರೂ ನೋಡುತ್ತಾ ಕೂತೆವು. ಕೈ ತೊಳೆಸಿದ್ದೇನೆ ಮೇಷ್ಟ್ರೇ. ಈಗ ಆ ಕಾಗದ ಹಿಡಿದು ಪಾರ್ಕಿಗೆ ಹೊರಟಿದ್ದೇವೆ, ನಿನ್ನೆ ಕವರ್ ಹಿಡಿದಿದ್ದವರನ್ನು ಹುಡುಕಬೇಕು.