ಚಿಕ್ಕಪ್ಪನ ಹೊಸ ಕಾರಿಗೆ ನನ್ನ ಉತ್ತರ

ಚಿಕ್ಕಪ್ಪ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ತಗೊಳ್ಳಲೋ, ಟೊಯೋಟಾದ ಹೈರೈಡರ್ ಹೈಬ್ರಿಡ್ ತಗೊಳ್ಳಲೋ ಅಂತ ಕೇಳಿದ್ದೀರಿ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಗಾಡಿ. ನಿಜ ಹೇಳಲಾ? ಎರಡೂ ಒಂದೇ ಕಾರು. ಎರಡೂ ತಯಾರಾಗುವುದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ. ಅದೇ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಅದೇ ಮೋಟರ್, ಕಂಪನಿ ಹೇಳುವ ಮೈಲೇಜೂ ಅದೇ 27.97. ಮುಖ ಬೇರೆ, ಒಳಗಿನ ಬಣ್ಣ ಬೇರೆ, ಬೋರ್ಡ್ ಬೇರೆ. ಬ್ಯಾಟರಿಗೆ ಇಬ್ಬರೂ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಹಾಗಾಗಿ ನಿಮಗೆ ಯಾವ ಸರ್ವಿಸ್ ಸೆಂಟರ್ ಹತ್ತಿರವೋ, ಯಾರು ಬೇಗ ಗಾಡಿ ಕೊಡುತ್ತಾರೋ, ಅದನ್ನು ತಗೊಳ್ಳಿ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಡಿಕ್ಕಿ ಬಗ್ಗೆ. ಹೈಬ್ರಿಡ್‌ನಲ್ಲಿ ಬ್ಯಾಟರಿ ಹಿಂದೆ ಕೂತಿರುತ್ತದೆ. ಸಾದಾ ಪೆಟ್ರೋಲ್ ಮಾಡೆಲ್‌ನಲ್ಲಿ 373 ಲೀಟರ್ ಜಾಗ, ಹೈಬ್ರಿಡ್‌ನಲ್ಲಿ ಬರೀ 265. ನನ್ನ ಹೈರೈಡರ್‌ನಲ್ಲಿ ಹೋದ ವರ್ಷ ಮದುವೆಗೆ ಹೊರಟಾಗ ಎರಡು ಸೂಟ್‌ಕೇಸ್ ಇಟ್ಟಿದ್ದೇ ಮುಗಿಯಿತು, ಅಮ್ಮ ಕೊಟ್ಟ ಹಲಸಿನಹಣ್ಣು ಕೊಟ್ಟಿಗೆಹಾರದವರೆಗೂ ನನ್ನ ಹೆಂಡತಿಯ ಕಾಲ ಬುಡದಲ್ಲೇ ಬಂತು. ನೀವು ಗೊಬ್ಬರದ ಚೀಲ ಹಾಕುವವರು. ಬುಕ್ ಮಾಡುವ ಮೊದಲು ಶೋರೂಮ್‌ನಲ್ಲಿ ಡಿಕ್ಕಿ ತೆಗೆಸಿ ನೋಡಿ.

ಚಿಕ್ಕಮ್ಮ ಕೇಳಿದ್ದಕ್ಕೂ ಹೇಳುತ್ತೇನೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ತೊಂದರೆ ಇಲ್ಲ. ಇದಕ್ಕೆ ಪ್ಲಗ್ ಹಾಕುವುದೇ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಇಲ್ಲಾ ಎಂಜಿನ್‌ನಿಂದಲೇ ಚಾರ್ಜ್ ಆಗುತ್ತದೆ.

ಇನ್ನು ಘಾಟಿ. ತಂಗಿಯನ್ನು ನೋಡಲು ತಿಂಗಳಿಗೊಮ್ಮೆ ಉಜಿರೆಗೆ ಹೋಗುತ್ತೀರಲ್ವಾ? ಚಾರ್ಮಾಡಿ ಇಳಿಯುವಾಗ ಗೇರ್ ಲಿವರ್ ‘ಬಿ’ಗೆ ಹಾಕಿ, ಅದು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವ ಗೇರ್. ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ, ಬ್ಯಾಟರಿಯೂ ತುಂಬುತ್ತದೆ. ಆದರೆ ಬ್ಯಾಟರಿ ಚಿಕ್ಕದು. ಅದು ತುಂಬಿದ ಮೇಲೆ ಎಂಜಿನ್ನೇ ತಿರುಗಿ ಗಾಡಿಯನ್ನು ಹಿಡಿದಿಡುತ್ತದೆ. ನೀವು ಆಕ್ಸಿಲರೇಟರ್ ಮುಟ್ಟದೇ ಇದ್ದರೂ ಗುರ್ ಅಂತ ಸದ್ದು ಏರುತ್ತದೆ. ಮೊದಲ ಸಲ ನಾನು ಏನೋ ಕೆಟ್ಟೇ ಹೋಯಿತು ಅಂತ ಗಾಡಿ ನಿಲ್ಲಿಸಿಬಿಟ್ಟಿದ್ದೆ! ವಾಪಸ್ ಹತ್ತುವಾಗ ನಾಲ್ಕು ತಿರುವು ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿಯುತ್ತದೆ, ಆಮೇಲೆ ಮಿಕ್ಸಿ ಹಾಕಿದ ಹಾಗೆ ಕೂಗುತ್ತದೆ. ಹತ್ತುತ್ತದೆ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ಹಳೇ ಡೀಸೆಲ್ ಗಾಡಿಯ ಎಳೆತ ಮಾತ್ರ ಇದರಲ್ಲಿ ಹುಡುಕಬೇಡಿ. ತೋಟದ ಕೆಸರಿನ ದಾರಿಗೆ ನಾಲ್ಕು ಚಕ್ರದ ಎಳೆತ ಬೇಕು ಅಂದರೂ ಹೈಬ್ರಿಡ್‌ನಲ್ಲಿ ಸಿಗುವುದಿಲ್ಲ. ಸಾದಾ ಪೆಟ್ರೋಲ್‌ನಲ್ಲೇ ನೋಡಬೇಕು.

ದುಡ್ಡಿನ ಲೆಕ್ಕ ಕೇಳಿ. ನಿಮಗೆ ಬಂದ ಕೊಟೇಶನ್‌ನಲ್ಲೇ ಸಾದಾ ಮಾಡೆಲ್‌ಗಿಂತ ಹೈಬ್ರಿಡ್‌ಗೆ 3 ಲಕ್ಷ ಜಾಸ್ತಿ ಇದೆ. ಮೈಲೇಜ್ ನನಗೆ ಎಲ್ಲಾ ಸೇರಿ ಲೀಟರಿಗೆ 21 ಕಿಲೋಮೀಟರ್ ಬರುತ್ತದೆ, ಸ್ನೇಹಿತನ ಸಾದಾ ಗಾಡಿಗೆ 14. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ 23, 24 ಲೀಟರ್ ಉಳಿಯುತ್ತದೆ. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ ಆ 3 ಲಕ್ಷ ವಾಪಸ್ ಬರಲು ಹತ್ತು ವರ್ಷ ದಾಟುತ್ತದೆ. ಹಾಗಾದರೆ ನೀನ್ಯಾಕೆ ತಗೊಂಡೆ ಅಂತೀರಿ. ನನಗೆ ಮಂಡಿ ನೋವು, ಕ್ಲಚ್ ಒತ್ತಲು ಆಗುವುದಿಲ್ಲ. ದಿನಾ ಚಿಕ್ಕಮಗಳೂರು ಪೇಟೆಯೊಳಗೇ ಓಡಾಟ, ಅಲ್ಲಿ ಅರ್ಧ ಹೊತ್ತು ಎಂಜಿನ್ನೇ ಆಫ್ ಇರುತ್ತದೆ. ನಿಮ್ಮ ಕಥೆ ಬೇರೆ.

ಇನ್ನೊಂದು. ಶೋರೂಮ್‌ನವರು ಸೀಟ್ ಕವರ್, ಕೋಟಿಂಗ್ ಅಂತ ಪಟ್ಟಿ ಹಿಡಿದು ಬರುತ್ತಾರೆ. ನನಗೆ ಸುಮ್ನೆ 40 ಸಾವಿರ ಬಡಿದರು. ಬೇಡ ಅನ್ನಿ.

ಭಾನುವಾರ ನನ್ನ ಗಾಡಿ ತಗೊಂಡು ಬರುತ್ತೇನೆ. ಚಾರ್ಮಾಡಿ ಇಳಿದು ಹತ್ತೋಣ, ನೀವೇ ಓಡಿಸಿ. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಕೂರಲಿ, ವಾಂತಿ ಬರುತ್ತೋ ಇಲ್ಲವೋ ಅವರೇ ಹೇಳುತ್ತಾರೆ.