ಅಪ್‌ಡೇಟ್: ಭೂಸ್ವಾಧೀನದ ನೋಟಿಸ್ ಬಂದರೆ ನೇರ ಹೈಕೋರ್ಟಿಗೆ ಹೋಗಬಹುದೇ?

2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟ ಕೂಡಲೇ ರಿಟ್ (ಸರ್ಕಾರದ ಕ್ರಮ ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕಬಹುದೇ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ: ಮೊದಲು ಕಲಂ 15ರ ಆಕ್ಷೇಪಣೆ, ಆಮೇಲೆ ಕೋರ್ಟು.

ಅಧಿಸೂಚನೆಯಿಂದ 60 ದಿನದೊಳಗೆ ಲಿಖಿತವಾಗಿ ಕೊಡಬೇಕು. "ಜಮೀನು ಕೊಡಲ್ಲ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಈ ಜಮೀನೇ ಯಾಕೆ, ಇಷ್ಟು ವಿಸ್ತೀರ್ಣ ಯಾಕೆ, ಸಾರ್ವಜನಿಕ ಉದ್ದೇಶ ಯಾವುದು, ಸಾಮಾಜಿಕ ಪರಿಣಾಮ ವರದಿಯಲ್ಲಿ (ಸ್ವಾಧೀನದಿಂದ ಜನರ ಬದುಕಿನ ಮೇಲೆ ಆಗುವ ಪರಿಣಾಮದ ಅಧ್ಯಯನ) ಏನು ತಪ್ಪಿದೆ ಎಂಬುದರ ಮೇಲೆ ಹಿಡಿಯಬೇಕು. ಜೊತೆಗೆ ಪಹಣಿ, ಮ್ಯುಟೇಶನ್, ಸರ್ವೆ ಸ್ಕೆಚ್, ಬೋರ್‌ವೆಲ್ ಮತ್ತು ಮರಗಳ ಫೋಟೊ ಇರಲಿ. ಕಚೇರಿಯ ಸೀಲು ಬಿದ್ದ ಸ್ವೀಕೃತಿ ಪ್ರತಿ ಕೈಬಿಡಬೇಡಿ. ವಿಚಾರಣೆ ನಡೆಸದೆ ಅಂತಿಮ ಘೋಷಣೆ ಹೊರಡಿಸಿದರೆ ರಿಟ್‌ಗೆ ಅದೇ ಗಟ್ಟಿ ಆಧಾರ.

ಐತೀರ್ಪು (ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ) ಆಗಿ, ಜಮೀನಿನ ಸ್ವಾಧೀನವೂ ಹೋದ ಮೇಲೆ ಕೋರ್ಟಿಗೆ ಬಂದರೆ ವಿಳಂಬದ ಕಾರಣಕ್ಕೇ ಅರ್ಜಿ ಬೀಳುವುದು ಹೆಚ್ಚು.

ಬೆಲೆ ಕಡಿಮೆ ಎನ್ನುವ ತಕರಾರಿಗೆ ರಿಟ್ ದಾರಿಯಲ್ಲ, ಕಲಂ 64ರ ಅರ್ಜಿ ಕೊಡಬೇಕು. ಐತೀರ್ಪಿನ ದಿನ ಹಾಜರಿದ್ದವರಿಗೆ ಆರೇ ವಾರ. ಹಣ ಪಡೆಯುವಾಗ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದೆ" ಎಂದು ಬರೆದೇ ಸಹಿ ಹಾಕಿ. ಈ ಒಂದು ಸಾಲು ಬಿಟ್ಟರೆ ಕಲಂ 77ರ ಪ್ರಕಾರ ಹೆಚ್ಚುವರಿ ಕೇಳುವ ಹಕ್ಕೇ ಹೋಗುತ್ತದೆ.