14 ವರ್ಷದ ಕೆಲಸ ಬಿಡಬೇಕು ಅನ್ನಿಸುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ:
ಒಂದೇ ಕಂಪನಿಯಲ್ಲಿ 14 ವರ್ಷ ಆಯಿತು. ಸೇರಿದಾಗ ನಲವತ್ತು ಜನ ಇದ್ದೆವು. ತಪ್ಪಾದರೆ ತಪ್ಪಾಯಿತು ಎಂದು ಹೇಳಿ, ಸರಿ ಮಾಡಿ, ಮುಂದೆ ಹೋಗುತ್ತಿದ್ದೆವು. ಮೂರು ವರ್ಷದ ಹಿಂದೆ ಮೇಲಿನವರು ಬದಲಾದರು. ಈಗ ಎದುರಿಗೆ ಕೂತವರು ಕೂಡ ಮಾತಾಡುವ ಬದಲು ಇಮೇಲ್ ಹಾಕುತ್ತಾರೆ, ಅದಕ್ಕೆ ಹತ್ತು ಜನರನ್ನು ಸೇರಿಸುತ್ತಾರೆ. ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸಂಬಳ ಸರಿಯಾಗಿ ಬರುತ್ತಿದೆ, ನನ್ನನ್ನು ಯಾರೂ ಬೈದಿಲ್ಲ. ಆದರೂ ಆಫೀಸಿನ ಮೆಸೇಜ್ ಸದ್ದಾದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಇಷ್ಟಕ್ಕೇ ಬಿಡುವುದು ಸರೀನಾ? ಬಿಟ್ಟವರು, ಉಳಿದವರು ಇಬ್ಬರೂ ಹೇಳಿ.

ಉತ್ತರ 1:
ನಾನು 17 ವರ್ಷ ಇದ್ದು ಬಿಟ್ಟವಳು. ಕೊನೆಯ ಮೂರು ವರ್ಷ ಜಾಸ್ತಿಯೇ ಇದ್ದೆ ಎಂದು ಈಗ ಅನ್ನಿಸುತ್ತದೆ.

ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತು ಒಂದೇ: ಈ ಹೊಸ ಮ್ಯಾನೇಜರ್ ಹೋಗಲಿ, ಎಲ್ಲ ಮೊದಲಿನ ಹಾಗಾಗುತ್ತದೆ. ಅವರು ಹೋದರು. ಏನೂ ಬದಲಾಗಲಿಲ್ಲ. ಅಷ್ಟು ಹೊತ್ತಿಗೆ ನಾವೆಲ್ಲ ಆ ರೀತಿಯನ್ನು ಕಲಿತುಬಿಟ್ಟಿದ್ದೆವು. ನನ್ನ ಟೀಮಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಲೆಕ್ಕದಲ್ಲಿ ಆದ ತಪ್ಪೊಂದನ್ನು ಎರಡು ವಾರ ಮುಚ್ಚಿಟ್ಟಿದ್ದಳು. "ಯಾಕಮ್ಮ ಹೇಳಲಿಲ್ಲ?" ಅಂದೆ. "ಹೇಳಿದವರಿಗೆ ಏನಾಯ್ತು ಅಂತ ನೋಡಿದ್ದೀನಲ್ಲ ಮೇಡಂ" ಅಂದಳು. ಬೈಯಲು ನನಗೆ ಬಾಯಿ ಬರಲಿಲ್ಲ.

ಅದೇ ತಿಂಗಳು ಇನ್ನೊಂದಾಯಿತು. ಒಂದು ರಿಪೋರ್ಟ್ ಕಳಿಸುವ ಮುಂಚೆ ಅದರಲ್ಲಿದ್ದ ಒಂದು ಸಾಲು ಅಳಿಸಿದೆ. ಸುಳ್ಳೇನೂ ಬರೆಯಲಿಲ್ಲ, ಮೇಲಿನವರಿಗೆ ಹಿಡಿಸದ ನಿಜವೊಂದನ್ನು ತೆಗೆದೆ ಅಷ್ಟೇ. ಯಾರೂ ಹೇಳಿರಲಿಲ್ಲ. ನಾನೇ ಅಳಿಸಿದೆ. ಬಿಡಬೇಕು ಎಂದು ಗೊತ್ತಾಗಿದ್ದು ಆವತ್ತು. ಹಾಗಾಗಿ ಯಾರಾದರೂ ಬೈದರಾ ಇಲ್ಲವಾ ಎನ್ನುವುದನ್ನು ಬಿಡಿ. ನೀವು ಈಗ ಏನೇನು ಮಾಡಲು ಶುರುಮಾಡಿದ್ದೀರಿ, ಏನು ಹೇಳುವುದನ್ನು ನಿಲ್ಲಿಸಿದ್ದೀರಿ, ಅದನ್ನು ನೋಡಿಕೊಳ್ಳಿ.

ಎದೆ ಧಸಕ್ಕೆನ್ನುವುದನ್ನೂ ಸುಮ್ನೆ ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿ ಐಸಿಡಿ-11ರಲ್ಲಿ 'ಬರ್ನೌಟ್' ಬಗ್ಗೆ ಬರೆದಿದೆ. ಅದನ್ನು ಕಾಯಿಲೆ ಎಂದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಲಕ್ಷಣ ಮೂರು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಮೇಲೆ ಮನಸ್ಸು ಮುರಿದು ಅದರ ಬಗ್ಗೆ ಕಹಿ ಹುಟ್ಟುವುದು, ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡಲಾಗದಿರುವುದು. ನನಗೆ ಮೊದಲ ಎರಡು ಇದ್ದವು. ಮೂರನೆಯದು ಬರುವ ತನಕ ಕಾಯಬೇಡಿ. ಆಮೇಲೆ ಇಂಟರ್‌ವ್ಯೂಗೆ ಹೋಗಲು ಧೈರ್ಯವೂ ಉಳಿಯುವುದಿಲ್ಲ.

ಇಂಟರ್‌ವ್ಯೂ ಅಂದಾಗ ನೆನಪಾಯಿತು. ನನ್ನ ಮೊದಲ ಎರಡು ಕೆಟ್ಟದಾಗಿ ಹೋದವು. ಏನು ಕೇಳಿದರೂ "ನಾವು ಮಾಡಿದೆವು, ನಾವು ಮುಗಿಸಿದೆವು" ಅನ್ನುತ್ತಿದ್ದೆ. 17 ವರ್ಷದ ಅಭ್ಯಾಸ! "ಅದರಲ್ಲಿ ನೀವು ಮಾಡಿದ್ದೇನು?" ಎಂದು ಕೇಳಿದಾಗ ತಬ್ಬಿಬ್ಬಾದೆ. ಇನ್ನೊಂದು, ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದರೆ ಹತ್ತು ನಿಮಿಷ ಗೋಳು ಹೇಳಿಕೊಂಡೆ. ಮೂರನೆಯ ಸಲಕ್ಕೆ ಅದನ್ನು ಎರಡೇ ಸಾಲಿಗೆ ಇಳಿಸಿ, ಕನ್ನಡಿ ಮುಂದೆ ಹೇಳಿ ಅಭ್ಯಾಸ ಮಾಡಿಕೊಂಡು ಹೋದೆ.

ಉತ್ತರ 2:
ಮೊದಲ ಉತ್ತರ ಬರೆದವರು ಹೇಳಿದ್ದು ಸರಿ, ಆದರೆ ಅವಸರ ಬೇಡ. ನಾನು ಸಿಟ್ಟಿನಲ್ಲಿ ಪೇಪರ್ ಹಾಕಿದೆ, ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಐದು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ಸಿಕ್ಕಿದ್ದನ್ನು ಒಪ್ಪಿಕೊಂಡೆ. ಅಲ್ಲಿ ಕುರ್ಚಿ ಮಾತ್ರ ಚೆನ್ನಾಗಿತ್ತು, ಉಳಿದದ್ದೆಲ್ಲ ಹಳೇ ಕಥೆಯೇ. ಈಗ ಎಲ್ಲಿ ಹೋದರೂ ಒಂದು ಪ್ರಶ್ನೆ ಕೇಳುತ್ತೇನೆ: ಈ ಜಾಗದಲ್ಲಿ ಮೊದಲಿದ್ದವರು ಯಾಕೆ ಹೋದರು? ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ನೋಡಿ.

ನಿಮ್ಮಲ್ಲಿ ಕೆಟ್ಟಿರುವುದು ಇಡೀ ಕಂಪನಿಯಾ, ನಿಮ್ಮ ವಿಭಾಗ ಮಾತ್ರವಾ? ವಿಭಾಗ ಮಾತ್ರ ಆದರೆ ಮೊದಲು ವರ್ಗಾವಣೆ ಕೇಳಿ.

ಉತ್ತರ 3:
ನೀವು ಪೇಪರ್ ಹಾಕಿದ ಮೇಲೆ ಅವರು ಜಾಸ್ತಿ ಸಂಬಳ ಕೊಡುತ್ತೇವೆ ಅನ್ನಬಹುದು. ನನಗೆ ಸಂಬಳವನ್ನೂ ಏರಿಸಿದರು, ದೊಡ್ಡ ಹುದ್ದೆಯ ಹೆಸರನ್ನೂ ಕೊಟ್ಟರು. ಉಳಿದೆ. ಮೀಟಿಂಗ್ ಮಾತ್ರ ಹಾಗೇ ಇತ್ತು. ಎಂಟು ತಿಂಗಳಿಗೆ ಮತ್ತೆ ಪೇಪರ್ ಹಾಕಿದೆ.

ಕೊನೆಯ ದಿನ ಎಚ್‌ಆರ್‌ನವರು ಕೂರಿಸಿಕೊಂಡು "ಮನಸ್ಸು ಬಿಚ್ಚಿ ಹೇಳಿ" ಅಂದರು. ಬಿಚ್ಚಿದೆ. ಒಂದೇ ವಾರದಲ್ಲಿ ಒಂದಕ್ಷರ ಬಿಡದೆ ನನ್ನ ಮ್ಯಾನೇಜರ್‌ಗೆ ಗೊತ್ತಾಗಿತ್ತು. ನನ್ನ ಬಗ್ಗೆ ಹೊಸ ಕಂಪನಿಯವರು ವಿಚಾರಿಸಬೇಕಾಗಿದ್ದುದು ಅವರನ್ನೇ! ಎಲ್ಲ ಕಡೆ ಹೀಗೆ ಎಂದು ಹೇಳುತ್ತಿಲ್ಲ. ಆದರೆ ಬದಲಾಯಿಸಬೇಕು ಅಂದುಕೊಂಡಿದ್ದರೆ ನೀವು ಇರುವಾಗಲೇ ಕೇಳುತ್ತಿದ್ದರು, ಅಲ್ವಾ? ಹ್ಯಾಂಡ್‌ಓವರ್ ಮಾತ್ರ ಚೆನ್ನಾಗಿ ಬರೆದುಕೊಡಿ. ನಿಮ್ಮ ಜಾಗಕ್ಕೆ ಬಂದು ಕೂರುವವರು ಯಾವ ಪಾಪ ಮಾಡಿದ್ದಾರೆ?

ಉತ್ತರ 4:
ಉಳಿದವರೂ ಹೇಳಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ನಿವೃತ್ತಿಗೆ ನಾಲ್ಕು ವರ್ಷ ಇದೆ, ಸಾಲ ಇನ್ನೂ ತೀರಿಲ್ಲ. ಲೆಕ್ಕ ಹಾಕಿಯೇ ಉಳಿದೆ. ಫೋನಿನಿಂದ ಆಫೀಸಿನ ಮೇಲ್ ತೆಗೆದುಹಾಕಿದೆ. ಹೊತ್ತಿಗೆ ಸರಿಯಾಗಿ ಎದ್ದು ಬರುತ್ತೇನೆ. ಮೊದಮೊದಲು ಗುರಾಯಿಸಿದರು, ಈಗ ಅವರಿಗೂ ಅಭ್ಯಾಸವಾಗಿದೆ. ಖುಷಿಯೇನೂ ಇಲ್ಲ, ಆದರೆ ನಿದ್ದೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಳಿಸಿದ ಸಾಲಿನ ಮಾತು ಓದಿ ನನ್ನ ಡ್ರಾಫ್ಟ್ ಫೋಲ್ಡರ್ ತೆಗೆದು ನೋಡಿದೆ. ಬರೆದು ಕಳಿಸದೇ ಬಿಟ್ಟ ಮೇಲ್‌ಗಳು ಇಪ್ಪತ್ತಮೂರು ಇವೆ. ಎಲ್ಲ ಈ ಎರಡು ವರ್ಷದವು. ಕೆಟ್ಟಿರುವುದು ಇಡೀ ಕಂಪನಿಯೇ, ವರ್ಗಾವಣೆಯಿಂದ ಪ್ರಯೋಜನವಿಲ್ಲ. ಹಾಗಂತ ಕೈಯಲ್ಲಿ ಬೇರೆ ಕೆಲಸ ಇಲ್ಲದೆ ಬಿಡುವುದಿಲ್ಲ. ರಾತ್ರಿ ಹಳೇ ರೆಸ್ಯೂಮೆ ಹುಡುಕಿ ತೆಗೆದೆ. ಅದರಲ್ಲಿರುವ ಫೋನ್ ನಂಬರ್ ಕೂಡ ಈಗ ನನ್ನದಲ್ಲ.